ಮಾಲೂರು ಕಡೆ ಎರಡು ದಿನದ ಕುಂಬಾರಿಕೆ ಶಿಬಿರ, ತಲೆಗೆ 4,500. ಹೋಗಬಹುದಾ?

ಕೋಟೆಬೀದಿಯವಳು
ಎಲ್ಲರಿಗೂ ನಮಸ್ಕಾರ. ಮಾಲೂರು ಕಡೆಯ ಒಂದು ಹಳ್ಳಿಯಲ್ಲಿ ಶನಿವಾರ, ಭಾನುವಾರ ಕುಂಬಾರಿಕೆ ಕಲಿಸುವ ವರ್ಕ್‌ಶಾಪ್ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಎಂಟೇ ಜನರ ಗುಂಪು. ಬೆಂಗಳೂರಿನವರಿಗೆ ವ್ಯಾನ್ ಇದೆ, ನಾವು ಕೋಲಾರದವರು ಸೀದಾ ಹೋಗಿ ಸೇರಿಕೊಳ್ಳಬಹುದು. ಕುಂಬಾರರ ಮನೆಯಲ್ಲೇ ಊಟ, ಪಕ್ಕದ ತೋಟದ ಮನೆಯಲ್ಲಿ ಮಲಗುವುದು. ತಲೆಗೆ 4,500 ರೂಪಾಯಿ. "ಮಣ್ಣು ತುಳಿಯುವುದರಿಂದ ಹಿಡಿದು ಆವಿಗೆಯಲ್ಲಿ ಸುಡುವವರೆಗೆ ಎಲ್ಲ ಕಲಿಯಿರಿ, ನಿಮ್ಮ ಮಡಿಕೆ ನೀವೇ ಮನೆಗೆ ಒಯ್ಯಿರಿ" ಅಂತ ಬರೆದಿದ್ದಾರೆ. ನಾನು, ಅತ್ತಿಗೆ, ಅವರ ಹತ್ತು ವರ್ಷದ ಮಗ ಹೋಗೋಣ ಅಂದುಕೊಂಡಿದ್ದೇವೆ. ಆಗಸ್ಟ್ ಕೊನೆಯ ವಾರ. ಇಂಥದ್ದಕ್ಕೆ ಯಾರಾದರೂ ಹೋಗಿದ್ದೀರಾ? ದುಡ್ಡಿಗೆ ತಕ್ಕ ಹಾಗಿರುತ್ತಾ?

ಸಂತೆಮಾಳ
4,500ಕ್ಕೆ ನಮ್ಮ ಸಂತೆಯಲ್ಲಿ ಲಗೇಜ್ ಆಟೋ ತುಂಬ ಮಡಿಕೆ ಬರುತ್ತೆ.

ಬೆಟ್ಟದ ದಾರಿ
ಅವರು ಮಡಿಕೆ ಕೊಳ್ಳೋಕೆ ಹೋಗ್ತಿಲ್ಲ ಗುರು, ಕಲಿಯೋಕೆ.

ಸಂತೆಮಾಳ
ಎರಡು ದಿನದಲ್ಲಿ? ಮಾಡಿ ಮಾಡಿ.

ಕಲ್ಪತರು ನಾಡು
ನಾನು ಹೋದ ವರ್ಷ ತುಮಕೂರು ಕಡೆ ಇಂಥದ್ದೇ ಒಂದಕ್ಕೆ ಹೋಗಿದ್ದೆ. ಖುಷಿಯಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಡಂ, ಆ ಜಾಹೀರಾತಿನ ಒಂದು ಸಾಲು ನಡೆಯುವ ಮಾತಲ್ಲ. ಶನಿವಾರ ಮಾಡಿದ ಮಡಿಕೆಯನ್ನು ಭಾನುವಾರ ಸುಡೋಕೆ ಆಗುವುದಿಲ್ಲ.

ತಿಗರಿಯಿಂದ, ಅಂದರೆ ಕುಂಬಾರರ ಚಕ್ರದಿಂದ, ಇಳಿಸಿದ ಮಡಿಕೆ ನೆರಳಲ್ಲಿ ನಿಧಾನಕ್ಕೆ ಒಣಗಬೇಕು. ಸಣ್ಣ ಕುಡಿಕೆಗೇ ಮೂರು ನಾಲ್ಕು ದಿನ ಬೇಕು, ದೊಡ್ಡದಕ್ಕೆ ವಾರವೂ ಸಾಲದು. ಬೇಗ ಆಗಲಿ ಅಂತ ಬಿಸಿಲಿಗೆ ಇಟ್ಟರೆ ಕಂಠ ಮೊದಲು ಒಣಗುತ್ತದೆ, ತಳ ಹಸಿಯಾಗೇ ಇರುತ್ತದೆ, ಮಧ್ಯೆ ಬಿರುಕು ಬಿಡುತ್ತದೆ. ಅರೆ ಒಣಗಿದ್ದನ್ನು ಬೆಂಕಿಗೆ ಹಾಕಿದರೆ ಒಳಗಿನ ನೀರು ಹಬೆಯಾಗಿ ಮಡಿಕೆಯನ್ನೇ ಒಡೆದುಬಿಡುತ್ತದೆ, ಪಕ್ಕದವರದ್ದನ್ನೂ ಸೇರಿಸಿ.

ನಮಗೆ ಏನು ಮಾಡಿದರು ಅಂದರೆ, ಮನೆಯವರು ಮೊದಲೇ ಮಾಡಿ ಒಣಗಿಸಿದ್ದ ಮಡಿಕೆಗಳನ್ನು ಆವಿಗೆಗೆ ಜೋಡಿಸಿದರು. ನಾವು ನೋಡಿದೆವು, ಕೈಗೂಡಿಸಿದೆವು. ನಮ್ಮದನ್ನು ಇಪ್ಪತ್ತು ದಿನ ಬಿಟ್ಟು ಕೊರಿಯರ್ ಮಾಡಿದರು. ನನ್ನದು ಎರಡು ಹೋಳಾಗಿ ಬಂತು. ಬೇಜಾರೇನಿಲ್ಲ, ಅದಕ್ಕೆ ಒಡೆಯಲಿಕ್ಕೆ ಕೊರಿಯರ್‌ನವರೇ ಬೇಕಾಗಿರಲಿಲ್ಲ, ಅಷ್ಟು ಸೊಟ್ಟಗಿತ್ತು.

ಕೋಟೆಬೀದಿಯವಳು
ಅಯ್ಯೋ! "ನೀವೇ ಮನೆಗೆ ಒಯ್ಯಿರಿ" ಅಂದರೆ ಅವತ್ತೇ ಅಂತ ತಿಳಿದಿದ್ದೆ. ಹಾಗಾದರೆ ಎರಡು ದಿನ ಏನು ಕಲಿಸುತ್ತಾರೆ?

ಕಲ್ಪತರು ನಾಡು
ಮೊದಲ ದಿನ ಬೆಳಿಗ್ಗೆ ಪೂರ್ತಿ ಮಣ್ಣು. ಎಲ್ಲರಿಗೂ ತಿಗರಿ ಮೇಲೆ ಕೂರುವ ಅವಸರ, ಅಜ್ಜ ಬಿಡಲಿಲ್ಲ. ನೆನೆಸಿಟ್ಟ ಜೇಡಿಮಣ್ಣನ್ನು ಕಾಲಲ್ಲಿ ತುಳಿಯಬೇಕು, ಸ್ವಲ್ಪ ಸ್ವಲ್ಪ ಮರಳು ಸೇರಿಸಬೇಕು, ಕಲ್ಲು, ಬೇರು ಬೆರಳಿಗೆ ಸಿಕ್ಕಿದಾಗ ತೆಗೆದು ಎಸೆಯಬೇಕು. ಆಮೇಲೆ ಕೈಯಲ್ಲಿ ನಾದುವುದು. ಮಣ್ಣನ್ನು ದಾರದಲ್ಲಿ ಕತ್ತರಿಸಿ ತೋರಿಸಿದರು. ಕತ್ತರಿಸಿದ ಮುಖದಲ್ಲಿ ಸೂಜಿ ಚುಚ್ಚಿದಷ್ಟು ತೂತು ಕಂಡರೂ "ಗಾಳಿ ಇದೆ, ಇನ್ನೊಂದು ಸಲ" ಅನ್ನುತ್ತಿದ್ದರು. ನಮ್ಮ ಗುಂಪಿನ ಐಟಿ ಹುಡುಗನಿಗೆ ಅಲ್ಲೇ ಸೊಂಟ ಹಿಡಿಯಿತು.

ತಿಗರಿ ಮಧ್ಯಾಹ್ನದ ಮೇಲೆ. ಮಣ್ಣಿನ ಉಂಡೆ ನಟ್ಟನಡುವೆ ನಿಲ್ಲಿಸುವುದೇ ದೊಡ್ಡ ಕೆಲಸ. ಅದು ನಿಲ್ಲದೆ ಬೆರಳು ಒಳಗೆ ಹಾಕಿದರೆ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಣತೆ ಬಂತು ಅಂದರೆ ಗೆದ್ದಿರಿ ಅಂತಲೇ ಅರ್ಥ.

ಮುಳಬಾಗಿಲು ಎಕ್ಸ್‌ಪ್ರೆಸ್
ಊಟದ ವಿಷಯ ಯಾರೂ ಕೇಳಲಿಲ್ಲ. ಮಣ್ಣಿನ ಮಡಿಕೆಯಲ್ಲಿ ಸೊಪ್ಪಿನ ಸಾರು ಇತ್ತಾ?

ಕಲ್ಪತರು ನಾಡು
ಸ್ಟೀಲ್ ಪಾತ್ರೆ, ಕುಕ್ಕರ್. ಕುಂಬಾರರ ಮನೆಯಲ್ಲಿ. ಯಾರೋ ಒಬ್ಬರು ಅದಕ್ಕೂ ಮುಖ ಸಪ್ಪಗೆ ಮಾಡಿಕೊಂಡರು. ಅವರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಲ್ಲಪ್ಪ.

ತಿಗರಿ ಮನೆ
ನಾನು ಕುಂಬಾರರ ಮನೆಯ ಹುಡುಗ. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ತಾತ ಇನ್ನೂ ತಿಗರಿ ಮೇಲೆ ಕೂರುತ್ತಾರೆ. ನೀವು ಹೇಳಿದ ಶಿಬಿರ ನಮ್ಮ ಮನೆಯದ್ದಲ್ಲ, ಆದರೆ ನಮ್ಮಲ್ಲೂ ಇಂಥವು ಆಗಿವೆ. ಅದಕ್ಕೇ ಎರಡು ಮಾತು.

ಒಂದು, ಆಗಸ್ಟ್ ಕೊನೆಗೆ ಹೋಗಬೇಡಿ. ಮಳೆಯಲ್ಲಿ ಏನೂ ಒಣಗುವುದಿಲ್ಲ. ಸೌದೆ ಹಸಿ, ಬೆರಣಿ ಹಸಿ, ಆವಿಗೆ ಹಚ್ಚಿದರೆ ಹೊಗೆಯೇ ಜಾಸ್ತಿ. ಸಾಲದ್ದಕ್ಕೆ ಅದು ಗಣೇಶನ ಸಮಯ, ಬಹಳ ಮನೆಗಳಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆ ಹೊತ್ತಲ್ಲಿ ಶಿಬಿರ ಇಟ್ಟಿದ್ದಾರೆ ಅಂದರೆ ನಿಮಗೆ ತೋರಿಸುವುದು ಬರೀ ತಿಗರಿ. ಸಂಕ್ರಾಂತಿ ಕಳೆದ ಮೇಲೆ ಬನ್ನಿ. ಬೇಸಿಗೆಗೆ ನೀರಿನ ಮಡಿಕೆ ಮಾಡುವ ಕಾಲ, ದಿನಾ ಕೆಲಸ ನಡೆಯುತ್ತದೆ, ಬಿಸಿಲೂ ಒಣಗಿದ್ದು.

ಎರಡು, ದುಡ್ಡು. ನಮ್ಮ ಮನೆಗೆ ಬಂದ ಒಬ್ಬರು (ಹೆಸರು ಬೇಡ) ಹತ್ತು ಜನರನ್ನು ಕರೆತಂದು ತಾತನಿಗೆ ದಿನಕ್ಕೆ 1,200 ಕೊಟ್ಟರು. ಅಜ್ಜಿ ಹತ್ತು ಜನರ ಅಡುಗೆ ಮಾಡಿದ್ದಕ್ಕೆ ಬೇರೆ ಲೆಕ್ಕ ಇಲ್ಲ. ಮಣ್ಣು ನಮ್ಮದು, ಸೌದೆ ನಮ್ಮದು. ಅವರ ಪೋಸ್ಟರ್‌ನಲ್ಲಿ ತಲೆಗೆ 6,000 ಇದ್ದದ್ದು ನಮಗೆ ಆಮೇಲೆ ಗೊತ್ತಾಯಿತು. ತಾತ ಏನೂ ಅನ್ನಲಿಲ್ಲ. ನಾನು ಅಂದೆ, ಮತ್ತೆ ಅವರು ಬರಲಿಲ್ಲ.

ಬೆಟ್ಟದ ದಾರಿ
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ದೊಣ್ಣೆ ಹಿಡಿದವರು ಈಗ ಪೋಸ್ಟರ್ ಮಾಡಿಸ್ತಾರೆ ಅಷ್ಟೇ.

ಅಲೆಮಾರಿ ಚೀಲ
ಎಲ್ಲ ಆಯೋಜಕರನ್ನೂ ಒಂದೇ ಗಾಡಿಗೆ ಕಟ್ಟಬೇಡಿ. ನಾನು ಚಿಕ್ಕಬಳ್ಳಾಪುರ ಕಡೆ ಸಣ್ಣ ಗುಂಪಿನ ಪ್ರವಾಸ ಮಾಡಿಸುತ್ತೇನೆ. ಈ ಮಾಲೂರಿನದು ನನ್ನದಲ್ಲ. ಲೆಕ್ಕ ನೋಡಿ: ಎಂಟು ಜನ ಬಂದರೆ 36,000. ಎರಡು ದಿನದ ವ್ಯಾನ್ ಬಾಡಿಗೆ, ಡ್ರೈವರ್ ಬತ್ತೆ, ಡೀಸೆಲ್, ತೋಟದ ಮನೆ ಬಾಡಿಗೆ, ಊಟ, ತಿಂಡಿ, ಕಾಫಿ. ಹಿಂದಿನ ದಿನ ರಾತ್ರಿ ಇಬ್ಬರು "ಸಾರಿ, ಜ್ವರ" ಅಂತ ಮೆಸೇಜ್ ಹಾಕುತ್ತಾರೆ, ದುಡ್ಡು ವಾಪಸ್ ಕೇಳುತ್ತಾರೆ. ಕೈಗೆ ಉಳಿಯುವುದು ಎಷ್ಟು ಅಂದುಕೊಂಡಿರಿ?

ಚಿಂತಾಮಣಿ ಟೀಚರ್
ಲೆಕ್ಕದಲ್ಲಿ ಡೀಸೆಲ್ ಬಂತು, ಕುಂಬಾರರು ಬರಲಿಲ್ಲವಲ್ಲ ಸಾರ್.

ಸಂತೆಮಾಳ
😂😂 ಟೀಚರ್‌ಗೆ ನೂರಕ್ಕೆ ನೂರು.

ಅಲೆಮಾರಿ ಚೀಲ
ಅದಕ್ಕೇ ಬರುತ್ತಿದ್ದೆ, ತಾಳಿ. ನಾನು ಬಂದ ಹಣದ ಮೂರರಲ್ಲಿ ಒಂದು ಭಾಗ ಮನೆಯವರಿಗೆ ಕೊಡುತ್ತೇನೆ, ಊಟದ್ದು ಬೇರೆ. ಯಾರೂ ಬರದಿದ್ದರೂ ಮುಂಗಡ ಅವರದ್ದೇ. ಎಲ್ಲರೂ ಹೀಗೆ ಮಾಡುತ್ತಾರೆ ಅನ್ನುವುದಿಲ್ಲ. ಆದರೆ ಕೇಳಿದರೆ ಹೇಳಬೇಕು, ಮುಚ್ಚಿಟ್ಟರೆ ಅನುಮಾನ ಪಡಿ. ನಾವಿಲ್ಲದಿದ್ದರೆ ಬೆಂಗಳೂರಿನವರು ಆ ಹಳ್ಳಿಗೆ ಬರುತ್ತಲೂ ಇರಲಿಲ್ಲ ಅನ್ನುವುದೂ ನಿಜ ಅಲ್ವಾ?

ತಿಗರಿ ಮನೆ
ನಿಜ. ಶಿಬಿರದ ದುಡ್ಡು ಬೇಡ ಅಂತ ನಾನು ಅಂದಿಲ್ಲ. ಮುಂಚೆ ಕುಂಬಾರರೂ ಊರಿನ ಆಯಗಾರರು. ವರ್ಷವೆಲ್ಲ ಮಡಿಕೆ ಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿ ಅಳೆದು ಕೊಡುತ್ತಿದ್ದರು. ಆ ಪದ್ಧತಿ ಹೋಯಿತು, ಅಲ್ಯೂಮಿನಿಯಂ ಬಂತು, ಪ್ಲಾಸ್ಟಿಕ್ ಕೊಡ ಬಂತು. ಈಗ ಮದುವೆಯ ಅರಿವೇಣಿಗೆ, ಸಾವಿನ ಮಡಿಕೆಗೆ, ದೀಪಾವಳಿಯ ಹಣತೆಗೆ ಮಾತ್ರ ನಮ್ಮ ನೆನಪು. ಅರಿವೇಣಿ ತರಲು ವಾಲಗದ ಸಮೇತ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ, ಪೂಜೆ ಮಾಡುತ್ತಾರೆ, ಆಮೇಲೆ ಐವತ್ತು ರೂಪಾಯಿಗೆ ಚೌಕಾಸಿ.

ಮುಳಬಾಗಿಲು ಎಕ್ಸ್‌ಪ್ರೆಸ್
ನಮ್ಮಕ್ಕನ ಮದುವೆಯಲ್ಲಿ ಸುಣ್ಣ, ಕೆಮ್ಮಣ್ಣು ಬಳಿದ ಅರಿವೇಣಿ ಮಡಿಕೆ ನಾನೇ ಹೊತ್ತಿದ್ದು. ತಲೆ ಮೇಲೆ ಇಟ್ಟುಕೊಂಡು ಒಂದು ಮೈಲಿ. ಎಡವಿದರೆ ಅಕ್ಕ ಸಾಯಿಸ್ತಿದ್ದಳು.

ಅತ್ತಿಗೆ ಪರವಾಗಿ
ಮೇಲಿನ ಪೋಸ್ಟ್ ಹಾಕಿದವಳ ಅತ್ತಿಗೆ ನಾನು. ನನ್ನದೊಂದು ಪ್ರಶ್ನೆ. ಹೆಂಗಸರು ತಿಗರಿ ಮುಟ್ಟಬಾರದು ಅಂತಾರಲ್ಲ, ಶಿಬಿರದಲ್ಲಿ ನಮ್ಮನ್ನು ಕೂರಿಸುತ್ತಾರಾ?

ಕಲ್ಪತರು ನಾಡು
ಕೂರಿಸುತ್ತಾರೆ. ನಮ್ಮ ಗುಂಪಿನಲ್ಲಿ ಹೆಂಗಸರೇ ಜಾಸ್ತಿ ಇದ್ದರು. ಆದರೆ ಆ ಮನೆಯ ಸೊಸೆ ಮಾತ್ರ ದೂರ ನಿಂತು ನೋಡುತ್ತಿದ್ದರು. ನಮಗೆ ಒಂಥರಾ ಆಯಿತು.

ಚಿಂತಾಮಣಿ ಟೀಚರ್
ನೋಡಿದಿರಾ! ದುಡ್ಡು ಕೊಟ್ಟ ಹೆಂಗಸು ಕೂರಬಹುದು, ಮನೆಯ ಹೆಂಗಸು ಕೂರಬಾರದು. ಇದನ್ನು ಸಂಪ್ರದಾಯ ಅಂತ ಕರೆದು ಫೋಟೋ ಬೇರೆ ತೆಗೆಯುತ್ತೀರಿ.

ತಿಗರಿ ಮನೆ
ಟೀಚರ್, ಕೋಪ ಸರಿಯೇ. ನಮ್ಮಜ್ಜಿ ಕೂಡ ಇವತ್ತಿನವರೆಗೆ ತಿಗರಿ ಮೇಲೆ ಕೂತಿಲ್ಲ. ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ ಇಡುವುದು ಅಜ್ಜಿಯೇ, ತಿರುಗಿಸುವುದು ಮಾತ್ರ ತಾತ. ಆದರೆ ತಿಗರಿಯೇ ಕುಂಬಾರಿಕೆ ಅಂತ ನೀವೆಲ್ಲ ಅಂದುಕೊಂಡಿರುವುದರಲ್ಲೂ ಸ್ವಲ್ಪ ತಪ್ಪಿದೆ.

ನೀರಿನ ಮಡಿಕೆ ತಿಗರಿಯಿಂದ ಇಳಿಯುವಾಗ ಅದಕ್ಕೆ ಗುಂಡನೆ ಹೊಟ್ಟೆ ಇರುವುದಿಲ್ಲ. ಕಂಠ ಮಾತ್ರ ಚೆನ್ನಾಗಿರುತ್ತದೆ, ಕೆಳಗೆ ದಪ್ಪ ಗೋಡೆ. ಅರ್ಧ ಒಣಗಿದ ಮೇಲೆ ಅಜ್ಜಿ ಅದನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಎಡಗೈ ಮಡಿಕೆಯೊಳಗೆ, ಅದರಲ್ಲಿ ನುಣುಪಾದ ಒಂದು ಕಲ್ಲು. ಬಲಗೈಯಲ್ಲಿ ಮರದ ಹಲಗೆ. ಒಳಗೆ ಕಲ್ಲು ಎಲ್ಲಿದೆಯೋ ಹೊರಗೆ ಹಲಗೆ ಅಲ್ಲೇ ಬೀಳಬೇಕು, ಒಂದು ಬೆರಳು ಆಚೀಚೆ ಆದರೆ ತೂತು. ಬೂದಿ ಮುಟ್ಟಿಸಿಕೊಂಡು, ಮಡಿಕೆ ತಿರುಗಿಸುತ್ತಾ ತಟ್ಟುತ್ತಾಳೆ. ದಪ್ಪ ಇದ್ದಾಗ ಸದ್ದು ಮಂದ. ತೆಳುವಾಗುತ್ತಾ ಬಂದ ಹಾಗೆ ಸದ್ದು ಬದಲಾಗುತ್ತದೆ. ಅಜ್ಜಿ ಟಿವಿ ನೋಡುತ್ತಾ ತಟ್ಟುತ್ತಾಳೆ, ಕಿವಿಯಲ್ಲೇ ಗೊತ್ತಾಗುತ್ತದೆ ಅವಳಿಗೆ. ತಾತನಿಗೆ ಈ ಕೆಲಸ ಬರುವುದಿಲ್ಲ, ಬರುತ್ತೆ ಅಂತ ಹೇಳಿಕೊಳ್ಳುತ್ತಾರೆ.

ಶಿಬಿರಕ್ಕೆ ಬಂದವರು ಅಜ್ಜಿಯ ಹತ್ತಿರ ಕೂರುವುದೇ ಇಲ್ಲ. ಎಲ್ಲರಿಗೂ ತಿಗರಿಯ ವಿಡಿಯೋ ಬೇಕು.

ಅತ್ತಿಗೆ ಪರವಾಗಿ
ನಾನು ಅಜ್ಜಿಯ ಹತ್ತಿರವೇ ಕೂರುತ್ತೇನೆ, ತೀರ್ಮಾನ ಆಯಿತು.

ಹೆಂಚಿನ ಮನೆ
ಒಂದು ಸೇರಿಸುತ್ತೇನೆ. ಖಾದಿ ಗ್ರಾಮೋದ್ಯೋಗ ಆಯೋಗದವರು 2018ರಿಂದ ಕರೆಂಟಿನ ತಿಗರಿ ಹಂಚುತ್ತಿದ್ದಾರೆ. ಅದು ಬಂದ ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳೂ ಕೂರುತ್ತಿದ್ದಾರೆ, ನಾನೇ ನೋಡಿದ್ದೇನೆ. ಕೋಲು ಹಾಕಿ ತಿರುಗಿಸುವ ಹಳೆಯ ದೊಡ್ಡ ಚಕ್ರಕ್ಕೆ ರಟ್ಟೆಯ ಬಲ ಬೇಕಿತ್ತು. ಈಗ ಸ್ವಿಚ್ಚು. ನಿಜವಾಗಿ ಕಲಿಯಬೇಕು ಅನ್ನುವವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಅದೇ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಎರಡು ದಿನದ ಮಜಾ ಅಲ್ಲ ಅದು.

ಕುಂಬಾರರಿಗೆ ಇನ್ನೊಂದು: ಪಿಎಂ ವಿಶ್ವಕರ್ಮ ಯೋಜನೆ, 2023ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಆಮೇಲೆ 5% ಬಡ್ಡಿಗೆ ಎರಡು ಕಂತಲ್ಲಿ 3 ಲಕ್ಷದವರೆಗೆ ಸಾಲ. ತಿಗರಿ ಮನೆ ಅಣ್ಣ, ತಾತನ ಹೆಸರು ಹಾಕಿಸಿದ್ದೀರಾ?

ತಿಗರಿ ಮನೆ
ಚಿಕ್ಕಪ್ಪನ ಹೆಸರಲ್ಲಿ ಹಾಕಿದ್ದೇವೆ. ಮನೆಗೊಬ್ಬರಿಗೇ ಅಲ್ವಾ. ತಿಗರಿಗಿಂತ ಮಣ್ಣಿನದ್ದೇ ದೊಡ್ಡ ತಲೆನೋವು ಈಗ.

ಮಾಲೂರು ಇಟ್ಟಿಗೆ
ಮಣ್ಣಿಗೆ ಬರವಾ? ಮಾಲೂರಲ್ಲಿ? ಇಲ್ಲಿ ಹೆಂಚು, ಇಟ್ಟಿಗೆ ಫ್ಯಾಕ್ಟರಿಗಳೇ ಮಣ್ಣಿನ ಮೇಲೆ ನಿಂತಿದ್ದಾವೆ.

ತಿಗರಿ ಮನೆ
ಅದಕ್ಕೇ ಅಣ್ಣ. ಲಾರಿ ಲೋಡ್ ತಗೊಳ್ಳುವವರ ಮುಂದೆ ಒಂದು ಟ್ರಾಕ್ಟರ್ ಕೇಳುವ ನಮ್ಮನ್ನು ಯಾರು ಮಾತಾಡಿಸುತ್ತಾರೆ? ಮುಂಚೆ ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು, ಯಾವ ಮೂಲೆಯ ಮಣ್ಣು ಮಡಿಕೆಗೆ, ಯಾವುದು ಹೆಂಚಿಗೆ ಅಂತ ತಾತ ಮೂಸಿ ಹೇಳುತ್ತಿದ್ದರು. ಬೆಂಗಳೂರಿನ ಬಳಸಿದ ನೀರು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ನಮ್ಮ ಕೆರೆ ಒಣಗಿಯೇ ಇಲ್ಲ. ಈಗ ದುಡ್ಡು ಕೊಟ್ಟು ಬೇರೆ ಕಡೆಯಿಂದ ತರಿಸುತ್ತೇವೆ.

ಬೆಟ್ಟದ ದಾರಿ
ಕೆರೆ ತುಂಬಿದ್ದಕ್ಕೂ ಬೇಜಾರಾ? 2018ಕ್ಕೆ ಮುಂಚೆ ನಮ್ಮ ಬೋರ್‌ವೆಲ್‌ಗಳ ಕತೆ ಮರೆತಿರಾ?

ಹೆಂಚಿನ ಮನೆ
ತುಂಬಿದ್ದು ಬೆಂಗಳೂರಿನ ಕೊಳಚೆ ನೀರು ಸ್ವಾಮಿ. ಎರಡೇ ಹಂತ ಶುದ್ಧ ಮಾಡಿ ಬಿಡುತ್ತಿದ್ದಾರೆ. ಮೂರನೇ ಹಂತ ಮಾಡಿ ಅಂತ ಜನ ಕೇಳುತ್ತಲೇ ಇದ್ದಾರೆ.

ಬೆಟ್ಟದ ದಾರಿ
ಅಂತರ್ಜಲ ಬಂದಿದೆಯೋ ಇಲ್ಲವೋ ಅದನ್ನು ಹೇಳಿ.

ಕೋಟೆಬೀದಿಯವಳು
ಅಣ್ಣಂದಿರಾ, ಕೆ.ಸಿ. ವ್ಯಾಲಿಗೆ ಬೇರೆ ಚರ್ಚೆ ಶುರು ಮಾಡಿ, ಕೈ ಮುಗಿಯುತ್ತೇನೆ. ನನ್ನ ಮಡಿಕೆ ಇಲ್ಲೇ ಮುಳುಗಿಹೋಗುತ್ತೆ.

ತಿಗರಿ ಮನೆ
ನನಗೂ ಬೇಜಾರೇನಿಲ್ಲ, ನಮ್ಮ ಬಾವಿಯಲ್ಲೂ ನೀರಿದೆ. ಇದ್ದದ್ದು ಹೇಳಿದೆ ಅಷ್ಟೇ.

ಸಂತೆಮಾಳ
ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಮಡಿಕೆ ನಮ್ಮನೆಯಲ್ಲಿ ನೀರು ತಣ್ಣಗೇ ಮಾಡಲ್ಲ. ಹೋದ ಬೇಸಿಗೆಯಲ್ಲಿ ತಂದೆ, ಬಣ್ಣ ಬಣ್ಣದ ಹೂವು ಬಿಡಿಸಿದ್ದು. ಮಣ್ಣಿನ ಗುಣ ತಂಪು ಅನ್ನೋದೆಲ್ಲ ಸುಮ್ನೆ.

ಚಿಂತಾಮಣಿ ಟೀಚರ್
ಮಣ್ಣಿನ ಗುಣ ಅಲ್ಲ, ತೂತಿನ ಗುಣ. ಸುಟ್ಟ ಮಣ್ಣಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ನೀರು ಅದರಿಂದ ಹೊರಮೈಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗುವಾಗ ಒಳಗಿನ ಶಾಖ ಎಳೆದುಕೊಂಡು ಹೋಗುತ್ತದೆ. ನೀವು ತಂದದ್ದಕ್ಕೆ ಪೇಂಟ್ ಬಳಿದಿದ್ದಾರೆ, ತೂತು ಮುಚ್ಚಿಹೋಗಿದೆ, ಇನ್ನೆಲ್ಲಿ ತಣ್ಣಗಾಗಬೇಕು? ಗಾಳಿ ಒಣಗಿದಷ್ಟೂ ಚೆನ್ನಾಗಿ ತಣ್ಣಗಾಗುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಹಲ್ಲು ಜುಮ್ಮೆನ್ನುವ ಹಾಗಿರುತ್ತೆ, ಮಂಗಳೂರಲ್ಲಿ ಅಷ್ಟಕ್ಕಷ್ಟೇ. ಸೋಪು ಹಾಕಿ ತೊಳೆಯಬೇಡಿ, ಮಡಿಕೆ ಸೋಪನ್ನೂ ಕುಡಿಯುತ್ತದೆ. ತೆಂಗಿನ ನಾರು, ಬಿಸಿನೀರು ಸಾಕು. ಪೇಂಟ್ ಇದ್ದದ್ದರಲ್ಲಿ ಅಡುಗೆಯಂತೂ ಬೇಡವೇ ಬೇಡ.

ಸಂತೆಮಾಳ
ಟೀಚರ್ ಎರಡನೇ ಸಲ 😐

ಮುಳಬಾಗಿಲು ಎಕ್ಸ್‌ಪ್ರೆಸ್
ಶಿಬಿರಕ್ಕೆ ಬೆಂಗಳೂರಿನಿಂದ ಬರುವವರು ಬಂಗಾರಪೇಟೆಗೆ ಹೋಗಿ ಪಾನಿಪುರಿ ತಿನ್ನದೆ ವಾಪಸ್ ಹೋಗಬೇಡಿ. ನೀರಿನ ಹಾಗೆ ತಿಳಿಯಾಗಿರುತ್ತೆ ಪಾನಿ, ಬಾಯಿಗಿಟ್ಟರೆ ಗೊತ್ತಾಗುತ್ತೆ.

ಕಲ್ಪತರು ನಾಡು
ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮುಂದೆ ಅದೆಲ್ಲ ಯಾವ ಲೆಕ್ಕ.

ಮುಳಬಾಗಿಲು ಎಕ್ಸ್‌ಪ್ರೆಸ್
ಮುಳಬಾಗಿಲು ದೋಸೆ ಹೆಸರು ಕೇಳಿದ್ದೀರಾ ಸಾರ್? ಇಡ್ಲಿ ಹುಷಾರಿಲ್ಲದವರಿಗೆ.

ಹೆಂಚಿನ ಮನೆ
ಆವಿಗೆ ಬಗ್ಗೆ ಯಾರಾದರೂ ಹೇಳಿ. ನನಗೆ ಅದೇ ನೋಡಬೇಕು. ಎಷ್ಟು ಬಿಸಿ ಬೇಕಾಗುತ್ತೆ?

ತಿಗರಿ ಮನೆ
ತಾತನ ಹತ್ತಿರ ಥರ್ಮಾಮೀಟರ್ ಇಲ್ಲ. ಪಾಲಿಟೆಕ್ನಿಕ್‌ನಲ್ಲಿ ಓದಿದ್ದು ಹೇಳುತ್ತೇನೆ: 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಣ್ಣು ಮತ್ತೆ ನೀರಲ್ಲಿ ಕರಗುವುದಿಲ್ಲ. ಹಳ್ಳಿ ಆವಿಗೆಗಳು 700, 800ರ ಆಸುಪಾಸು ಹೋಗುತ್ತವೆ.

ಕೆಳಗೆ ಸೌದೆ, ಬೆರಣಿ. ಮೇಲೆ ಮಡಿಕೆ ಬೋರಲು ಹಾಕಿ ಒಂದರ ಮೇಲೊಂದು, ದೊಡ್ಡದರ ಸಂದಿಯಲ್ಲಿ ಹಣತೆ, ಮುಚ್ಚಳ. ಮೇಲೆ ಹುಲ್ಲು ಹೊದಿಸಿ ಮಣ್ಣು, ಬೂದಿ ಮೆತ್ತುತ್ತೇವೆ, ಹೊಗೆಗೆ ಕಿಂಡಿ ಬಿಟ್ಟು. ನಮ್ಮ ಕಡೆ ನೀಲಗಿರಿ ಕಡ್ಡಿ, ಎಲೆ ಧಾರಾಳ. ತುಮಕೂರು ಕಡೆ ತೆಂಗಿನ ಗರಿ, ಮಟ್ಟೆ ಹಾಕುತ್ತಾರೆ. ಸಂಜೆ ಹಚ್ಚಿದರೆ ಮೊದಲು ಸಣ್ಣ ಉರಿ, ಬರೀ ಹೊಗೆ. ಉಳಿದ ತೇವ ಹೋಗಬೇಕಲ್ಲ. ಆಮೇಲೆ ಜೋರು. ಕಿಂಡಿಯಲ್ಲಿ ಇಣುಕಿದರೆ ಮಡಿಕೆಗಳೇ ಕೆಂಪಗೆ ಕಾಣುತ್ತವೆ. ಅವಸರಪಟ್ಟು ತೆಗೆಯುವ ಹಾಗಿಲ್ಲ, ತಣ್ಣನೆ ಗಾಳಿ ತಗುಲಿದರೆ ಸೀಳುತ್ತವೆ. ಬೆಳಿಗ್ಗೆ ಬೂದಿ ಎಳೆದು ಒಂದೊಂದಾಗಿ ತೆಗೆದು ಗೆಣ್ಣಲ್ಲಿ ತಟ್ಟುತ್ತೇವೆ. ಟಣ್ ಅಂದರೆ ಗಟ್ಟಿ. ಬದ್ ಅಂದರೆ ಎಲ್ಲೋ ಕೂದಲೆಳೆ ಬಿರುಕಿದೆ, ಅದು ಹಿತ್ತಲಿಗೆ, ಗಿಡಕ್ಕೆ. ಎರಡು ದಿನದ ಶಿಬಿರವನ್ನು ಈ ರಾತ್ರಿಗೆ ಹೊಂದಿಸಿಕೊಂಡರೆ ದುಡ್ಡು ಕೊಟ್ಟಿದ್ದು ಸಾರ್ಥಕ. ಬೇರೆ ದಿನ ಆದರೆ ಕೈ ಕೆಸರು, ಒಂದು ಸೆಲ್ಫಿ.

ಇನ್ನೊಂದು ವಿಷಯ, ಒಣಗಿ ಸುಟ್ಟ ಮೇಲೆ ಎಲ್ಲವೂ ಹತ್ತಿರ ಹತ್ತಿರ ಹತ್ತರಲ್ಲಿ ಒಂದು ಭಾಗ ಕುಗ್ಗುತ್ತದೆ. ಕಾಫಿ ಲೋಟ ಮಾಡುವವರು ದೊಡ್ಡದಾಗೇ ಮಾಡಿ.

ಕೋಟೆಬೀದಿಯವಳು
ಇವತ್ತು ಆಯೋಜಕರಿಗೆ ಫೋನ್ ಮಾಡಿದೆ. ನಮ್ಮ ಮಡಿಕೆ ಯಾವಾಗ ಸುಡುತ್ತೀರಿ ಅಂದರೆ "ಮೇಡಂ, ಅದು ಎಲ್ಲ ಆಗುತ್ತೆ". ಆವಿಗೆ ಆ ದಿನ ಹಚ್ಚುತ್ತೀರಾ ಅಂದರೆ "ಡೆಮೋ ಇರುತ್ತೆ". ಮನೆಯವರಿಗೆ ಎಷ್ಟು ಕೊಡುತ್ತೀರಿ ಅಂದೆ. "ಅದು ನಮ್ಮ ಒಳಗಿನ ವಿಷಯ" ಅಂದರು. ಬುಕ್ ಮಾಡಲಿಲ್ಲ.

ಅಲೆಮಾರಿ ಚೀಲ
ಒಳ್ಳೆ ಕೆಲಸ ಮಾಡಿದಿರಿ. ನಾನು ಆಯೋಜಕನಾಗಿಯೇ ಹೇಳುತ್ತಿದ್ದೇನೆ.

ಸಂತೆಮಾಳ
ಹಂಗಾದ್ರೆ ತಿಗರಿ ಮನೆಯವರೇ ಒಂದು ಶಿಬಿರ ಇಡಲಿ. ಮಧ್ಯದಲ್ಲಿ ಯಾರೂ ಬೇಡ. ನಾನೂ ಬರ್ತೀನಿ.

ಚಿಂತಾಮಣಿ ಟೀಚರ್
ಲಗೇಜ್ ಆಟೋ ತರುತ್ತೀರಾ?

ಅಲೆಮಾರಿ ಚೀಲ
ಇಡಲಿ, ಸಂತೋಷ. ಆದರೆ ಹೊರಗಿನವರು ಬಂದರೆ ಶೌಚಾಲಯ, ಕುಡಿಯುವ ನೀರು, ಮಲಗುವ ಜಾಗ ಎಲ್ಲ ನೋಡಬೇಕು. ರಾತ್ರಿ ಬೆಂಕಿ ಹತ್ತಿರ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ಅದೂ ಒಂದು ಕೆಲಸವೇ.

ತಿಗರಿ ಮನೆ
ತಾತನನ್ನು ಕೇಳಿದೆ. ಒಪ್ಪಿದ್ದಾರೆ, ಒಂದು ಷರತ್ತು: ಆರು ಜನಕ್ಕಿಂತ ಜಾಸ್ತಿ ಬೇಡ. ಅಜ್ಜಿಯ ಷರತ್ತು, ಅಡುಗೆಗೆ ಬಂದವರೂ ಕೈ ಹಾಕಬೇಕು. ಮಹಾಶಿವರಾತ್ರಿ ಆದ ಮೇಲೆ ಇಟ್ಟುಕೊಳ್ಳೋಣ. ಮೊದಲ ವಾರ ಒಂದು ದಿನ ಬಂದು ಮಾಡಿ ಹೋಗಿ, ಎರಡು ವಾರ ಬಿಟ್ಟು ಆವಿಗೆಗೆ ಬನ್ನಿ, ನಿಮ್ಮ ಮಡಿಕೆಯೇ ಸುಡುತ್ತದೆ. ಹಣ ಎಷ್ಟು ಅಂತ ಚಿಕ್ಕಪ್ಪನ ಜೊತೆ ಮಾತಾಡಿ ಇಲ್ಲೇ ಹಾಕುತ್ತೇನೆ, ಎಲ್ಲರಿಗೂ ಕಾಣುವ ಹಾಗೆ. ಬೆಂಗಳೂರಿನಿಂದ ಎರಡು ಸಲ ಬರುವುದು ಕಷ್ಟ ಅನ್ನುವವರಿಗೆ ಇದು ಆಗಲ್ಲ.

ಕೋಟೆಬೀದಿಯವಳು
ನಾವು ಮೂರು ಜನ ಬರೆದುಕೊಳ್ಳಿ.

ಹೆಂಚಿನ ಮನೆ
ನಾನು ಒಬ್ಬ. ಆವಿಗೆಗೆ ಮಾತ್ರ ಬಂದರೂ ನಡೆಯುತ್ತಾ?

ತಿಗರಿ ಮನೆ
ಸೌದೆ ಹೊರುವುದಾದರೆ ನಡೆಯುತ್ತೆ ಅಣ್ಣ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ, ಪಾಲಿಯೆಸ್ಟರ್ ಬೇಡ, ಕಿಡಿ ಹಾರುತ್ತೆ. ಉಂಗುರ, ಬಳೆ ಮನೆಯಲ್ಲೇ ಬಿಡಿ, ಉಗುರು ಕತ್ತರಿಸಿಕೊಂಡು ಬನ್ನಿ. ಅವತ್ತು ಮೋಡ ಹಾಕಿದರೆ ಮಾರನೇ ದಿನಕ್ಕೆ ಹೋಗುತ್ತೆ, ರಜೆ ಹಾಕುವವರು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.